ಕಂದು ಗುಂಡಿಯ ಕೋಟು

ಗಂಡ ರೂಫಸ್‌ನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಬಂತು. ಹೆಸ್ಟರ್ ಡಬ್ಬ ಹೊರಗಿಟ್ಟು ಬಂದಳು. ಹೂದಾನಿಗಳ ನೀರು ನಾತ ಹೊಡೆಯುತ್ತಿತ್ತು, ಅದನ್ನು ಚೆಲ್ಲಿದಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ, ಆಸ್ಪತ್ರೆಯವರು ಕೊಟ್ಟ ಚೀಲವೊಂದನ್ನು ಬಿಟ್ಟು. ಅವನು ಸತ್ತಂದಿನಿಂದ, ಹದಿನೈದು ದಿನ, ಅದು ಮಂಚದ ಕೆಳಗೆ ಬಿದ್ದಿತ್ತು.

ಕತ್ತರಿಸಿದ ಅಂಗಿ. ಬೂಟು. ಸುರುಳಿ ಸುತ್ತಿದ ಟೈ. ಎಲ್ಲಕ್ಕಿಂತ ಕೆಳಗೆ, ಮಡಿಸದೆ ತುರುಕಿದ ಒಂದು ದಪ್ಪ ಉಣ್ಣೆಯ ಕೋಟು.

ರೂಫಸ್‌ನದಲ್ಲ. ಅವನ ಭುಜ ಅಷ್ಟು ಅಗಲವಿರಲಿಲ್ಲ. ಕಡು ಹಸಿರು ಬಣ್ಣ, ಸಾಲಾಗಿ ಕಪ್ಪು ಗುಂಡಿಗಳು, ಮಧ್ಯದಲ್ಲೊಂದು ಮಾತ್ರ ಕಂದು.

 ಈ ಕೋಟು ಯಾರದೆಂದು ಇಂಗ್ಲೆಂಡಿನಲ್ಲಿ ಹಾಲು ಹಲ್ಲಿನ ಮಕ್ಕಳೂ ಹೇಳಿಯಾರು. ವ್ಯಂಗ್ಯಚಿತ್ರಕಾರರು ಪ್ರಧಾನಿ ಲೆನರ್ಡ್ ಹ್ಯಾಸಲ್‌ಗೆ ಮುಖ ಬರೆಯುವುದನ್ನೇ ಬಿಟ್ಟಿದ್ದರು. ಖಾಲಿ ಕೋಟು, ಅದಕ್ಕೊಂದು ಕಂದು ಗುಂಡಿ, ಅಷ್ಟೇ. ಒಳಗೆ ಮನುಷ್ಯನಿಲ್ಲ ಎಂಬುದು ಊರಿನ ಕುಹಕ. ಈಚೆಗೆ ನವೆಂಬರಿನ ಚಳಿಯಲ್ಲಿ ಆತ ಕೋಟಿಲ್ಲದೆ ಓಡಾಡುವುದನ್ನು ಕಂಡು ರೇಡಿಯೋದವನೊಬ್ಬ ಅಂದಿದ್ದ: "ಕೋಟು ಆಗಲೇ ರಾಜೀನಾಮೆ ಕೊಟ್ಟಾಯ್ತು, ಮನುಷ್ಯ ಕೊಡೋದೊಂದು ಬಾಕಿ." ಹೆಸ್ಟರ್ ಕೂಡ ನಕ್ಕಿದ್ದಳು. ಗಂಡ ಸತ್ತ ಮೇಲೆ ನಕ್ಕದ್ದು ಅದೊಂದೇ ಸಲ.

ಕೋಟನ್ನು ಮೊಣಕಾಲ ಮೇಲೆ ಹಾಕಿಕೊಂಡು ಕೂತಳು. ತಾನು ಕಾಣದ, ಬರೀ ಕೇಳಿ ತಿಳಿದ ಆ ಸಂಜೆ ಕಣ್ಣ ಮುಂದೆ ಬಂತು.

ಸರ್ಕಾರದ ಮೇಲೆ ಅವಿಶ್ವಾಸದ ಮತ. ಆಳುವ ಪಕ್ಷದ ಸಂಸದ ರೂಫಸ್ ಟಾಲಂಡ್‌ಗೆ ಮಧ್ಯಾಹ್ನದಿಂದಲೇ ಎದೆ ನೋವು. ಸಂಸತ್ತಿನಲ್ಲಿ ಹಳೆಯ ಪದ್ಧತಿಯೊಂದಿದೆ. ನಡೆಯಲಾಗದಷ್ಟು ಕಾಯಿಲೆಯಾದವನು ಒಳಗೆ ಹೋಗಬೇಕಿಲ್ಲ, ಅಂಗಳದೊಳಗೆ ಕಾರಿನಲ್ಲಿ ಕೂತಿದ್ದರೆ ಸಾಕು. ಎರಡೂ ಪಕ್ಷದ ಸಚೇತಕರು ಕಿಟಕಿಯಲ್ಲಿ ಇಣುಕಿ, ಜೀವ ಇದೆ ಎಂದು ಕಂಡುಕೊಂಡು, ತಲೆಯಾಡಿಸುತ್ತಾರೆ. ಮತ ಎಣಿಕೆಗೆ ಸೇರುತ್ತದೆ. ರೂಫಸ್ ಹಾಗೆ ಕೂತ. ಆಸ್ಪತ್ರೆಯ ದೀಪಗಳು ನದಿಯಾಚೆ ಕಾಣುತ್ತಿದ್ದವು. ಸರ್ಕಾರ ಒಂದೇ ಮತದಿಂದ ಉಳಿಯಿತು. ಕಾರು ಸೇತುವೆ ದಾಟುವಷ್ಟರಲ್ಲಿ ರೂಫಸ್ ಉಳಿದಿರಲಿಲ್ಲ.

"ಅವರಿಗೆ ಅಷ್ಟು ಹುಷಾರಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಪ್ರಧಾನಿ ಸದನದಲ್ಲಿ ಹೇಳಿದ್ದ. "ಗೊತ್ತಿದ್ದಿದ್ದರೆ ನಾನೇ ಕೈಹಿಡಿದು ನದಿ ದಾಟಿಸ್ತಿದ್ದೆ." ನಿನ್ನೆ ಗೋರಿಯ ಬಳಿ ಅದೇ ಮಾತನ್ನು ಅವಳ ಕೈಹಿಡಿದೂ ಹೇಳಿದ್ದ. ಅವಳು ನಂಬಿದ್ದಳು.

ಹಾಗಾದರೆ ಈ ಕೋಟು ರೂಫಸ್‌ನ ಮೈಮೇಲೆ ಹೇಗೆ ಬಂತು?

ಬಾಗಿಲು ಬಡಿದ ಸದ್ದಾಯಿತು. ಹೆಸ್ಟರ್ ಬೆಚ್ಚಿಬಿದ್ದು ಎದ್ದಳು. ಹಜಾರದ ಗೂಟಕ್ಕೆ ಕೋಟು ಸಿಕ್ಕಿಸಿ, ಮೇಲೆ ರೂಫಸ್‌ನ ಮಳೆಯಂಗಿ ಹೊದಿಸಿದಳು. ಒಳಗೆ ಯಾರನ್ನೋ ಬಚ್ಚಿಟ್ಟ ಹಾಗೆ ಅದರ ಅಂಚು ಎಳೆದು ಸರಿಮಾಡಿದಳು.

ಬಂದವಳು ಡಲ್ಸಿ ಗಾರ್ಸೈಡ್, ಆಳುವ ಪಕ್ಷದ ಮುಖ್ಯ ಸಚೇತಕಿ. ಸಂಸದರು ಹೆಂಡತಿಗಿಂತ ಹೆಚ್ಚು ಹೆದರುವುದು ಇವಳಿಗೆ ಎಂದು ರೂಫಸ್ ಹೇಳುತ್ತಿದ್ದ. ಕೈಯಲ್ಲಿ ನಿಂಬೆ ಕೇಕು.

"ಊಟ ಮಾಡ್ತಿದ್ದೀಯಾ ಚಿನ್ನ? ಇಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ. ಕೂತ್ಕೋ, ಚಹಾ ನಾನೇ ಮಾಡ್ತೀನಿ."

"ಬೇಡ ಡಲ್ಸಿ. ಬಂದ ವಿಷಯ ಹೇಳಿ."

"ಹೇಳ್ತೀನಿ, ಕತ್ತು ಹಿಸುಕಬೇಡ." ಡಲ್ಸಿ ಕೂತಳು. "ನಾಳೆ ನಮ್ಮವರೇ ಚೀಟಿ ಹಾಕ್ತಾರೆ, ಲೆನರ್ಡ್ ನಾಯಕನಾಗಿ ಇರಬೇಕೋ ಬೇಡ್ವೋ ಅಂತ. ಗುಟ್ಟಿನ ಮತ. ಹೋದ ತಿಂಗಳು ಅವನ ಬೆನ್ನು ತಟ್ಟಿದೋರೆಲ್ಲ ಈಗ ಬೆನ್ನಲ್ಲಿ ಜಾಗ ಹುಡುಕ್ತಿದ್ದಾರೆ, ಚೂರಿಗೆ. ಎಲ್ಲರೂ ನನ್ನ ಹತ್ರ ಬಂದು, 'ಡಲ್ಸಿ, ನನ್ನ ಮತ ಅವನಿಗೇ' ಅಂತಾರೆ. ಹಾಗಂದೋರನ್ನೆಲ್ಲ ಕೂಡಿಸಿದ್ರೆ ಪಕ್ಷದಲ್ಲಿರೋರಿಗಿಂತ ಜಾಸ್ತಿ ಆಗ್ತಾರೆ!"

"ನನ್ನಿಂದ ಏನಾಗಬೇಕು?"

"ನೀನು ಒಂದು ಮಾತು ಹೇಳಬೇಕು. ರೂಫಸ್ ಜಾಗದ ಚುನಾವಣೆಗೆ ನಾನು ನಿಲ್ತೀನಿ, ಲೆನರ್ಡ್ ಜೊತೆಗಿದ್ದೀನಿ ಅಂತ. ರೂಫಸ್ ಹೆಂಡತೀನೇ ಜೊತೆಗಿದ್ದಾಳೆ ಅಂದ್ಮೇಲೆ ಯಾವನಿಗೆ ಬರುತ್ತೆ ಧೈರ್ಯ?" ಡಲ್ಸಿ ಕೇಕು ಕತ್ತರಿಸುತ್ತ, ತಲೆಯೆತ್ತದೆ ಕೇಳಿದಳು: "ಅಂದಹಾಗೆ, ಆಸ್ಪತ್ರೆಯವರು ಅವನ ಬಟ್ಟೆಬರೆ ಕೊಟ್ರಾ?"

ಹೆಸ್ಟರ್‌ಗೆ ಈಗ ಗೊತ್ತಾಯಿತು. ಇದಕ್ಕೇ ಬಂದದ್ದು. ಕೇಕು, ಚಿನ್ನ, ರೂಫಸ್‌ನ ಜಾಗ, ಎಲ್ಲ ಇದರ ಮೇಲಿನ ಹೊದಿಕೆ.

ಅದೇ ಕ್ಷಣ ಹಜಾರದ ಗಂಟೆ ಕಿರುಚಿತು. ಸಂಸತ್ತಿನ ಹತ್ತಿರ ಮನೆ ಮಾಡಿದ ಸಂಸದರೆಲ್ಲ ಹಾಕಿಸಿಕೊಳ್ಳುವ ಗಂಟೆ ಅದು. ಬಡಿಯಿತೆಂದರೆ ಎಂಟು ನಿಮಿಷದೊಳಗೆ ಓಡಿಹೋಗಿ ಸದನದಲ್ಲಿ ಮತ ಎಣಿಸುವ ಓಣಿ ಸೇರಬೇಕು. ರೂಫಸ್ ಇದ್ದಾಗ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡೇ ಓಡುತ್ತಿದ್ದ. ಇದನ್ನು ತೆಗೆಸಲು ಯಾರಿಗೂ ನೆನಪಾಗಿರಲಿಲ್ಲ.

"ಹಾಳಾದ್ದು!" ಡಲ್ಸಿ ಎದ್ದು ಓಡಿದವಳು ಗೂಟದ ಬಳಿ ನಿಂತುಬಿಟ್ಟಳು. ಮಳೆಯಂಗಿಯ ಸಂದಿನಲ್ಲಿ ಕಂದು ಗುಂಡಿ ಕಾಣುತ್ತಿತ್ತು. ಅವಳು ಕೈ ಚಾಚಿದಳು. ಹೆಸ್ಟರ್ ಅದಕ್ಕಿಂತ ಮೊದಲೇ ತೋಳು ಹಿಡಿದುಕೊಂಡಳು, ಕೋಟಿನದು.

"ರೂಫಸ್ ಎರವಲು ತಂದದ್ದು," ಎಂದಳು.  "ನಾನೇ ವಾಪಸ್ ಕೊಡ್ತೀನಿ."

ಗಂಟೆ ಬಡಿಯುತ್ತಲೇ ಇತ್ತು. ಡಲ್ಸಿ ಒಮ್ಮೆ ಕೋಟು, ಒಮ್ಮೆ ಬಾಗಿಲು ನೋಡಿದಳು.

"ಸರಿ. ಮೂರು ಗಂಟೆಗೆ, ಲೆನರ್ಡ್ ಮನೆಯ ಹಿಂದಿನ ಗೇಟಿಗೆ. ಚೀಲದಲ್ಲಿ ಹಾಕ್ಕೊಂಡು ಬಾ. ಯಾರಿಗೂ ತೋರಿಸ್ಬೇಡ." ಅವಳ ಮುಖದಲ್ಲಿ ಈಗ ಕೇಕಿನ ಸಿಹಿ ಇರಲಿಲ್ಲ. "ಒಬ್ಬಳೇ ಇರೋಳು ನೀನು. ಪತ್ರಿಕೆಯವರು ನಿನ್ನನ್ನ ಒಂದು ವಾರ ಹೊತ್ಕೊಂಡು ಕುಣೀತಾರೆ, ಆಮೇಲೆ ಎತ್ತಿ ಹಾಕ್ತಾರೆ. ಕೆಳಗೆ ಹಿಡ್ಕೊಳ್ಳೋಕೆ ಯಾರಿರ್ತಾರೆ ಅಂತ ಯೋಚನೆ ಮಾಡು, ಚಿನ್ನ."

ಅವಳು ಹೋದ ಮೇಲೆ ಹೆಸ್ಟರ್ ಚಿಲಕ ಹಾಕಿದಳು, ಪರದೆ ಎಳೆದಳು. ಎದುರು ರಸ್ತೆಯಲ್ಲಿ ಬೂದು ಕಾರೊಂದು ನಿಂತಿತ್ತು, ಒಳಗೆ ಒಬ್ಬ. ಅವನು ಯಾರಿಗೋ ಕಾಯುತ್ತಿದ್ದಿರಬಹುದು. ಮಧ್ಯಾಹ್ನದವರೆಗೂ ಕಾಯುತ್ತಲೇ ಇದ್ದ. ಫೋನು ಎರಡು ಸಲ ರಿಂಗಾಯಿತು, ಎತ್ತಿದರೆ ಮಾತಿಲ್ಲ. ಗೂಟದ ಮೇಲಿನ ಕೋಟು ಹಜಾರದಲ್ಲಿ ಮನುಷ್ಯನಂತೆ ನಿಂತಿತ್ತು. ಅದರ ಪಕ್ಕದಲ್ಲಿ ಹಾದು ಅಡುಗೆಮನೆಗೆ ಹೋಗಲೂ ಅವಳಿಗೆ ಅಂಜಿಕೆಯಾಯಿತು.

ಒಲೆಗೆ ಹಾಕಿ ಸುಟ್ಟುಬಿಡಬಹುದಿತ್ತು. ಸುಟ್ಟರೆ ಒಂದು ಪ್ರಶ್ನೆ ಉಳಿದುಬಿಡುತ್ತಿತ್ತು. ಕೊನೆಗೆ ರೂಫಸ್ ಏನಂದ? ಅದನ್ನು ಬಲ್ಲವನು ಒಬ್ಬನೇ ಇದ್ದ.

ತರಕಾರಿ ತರುವ ಬಟ್ಟೆ ಚೀಲದಲ್ಲಿ ಕೋಟು ತುಂಬಿಕೊಂಡು ಹೊರಟಳು.

ಡೌನಿಂಗ್ ಬೀದಿಯ ಪ್ರಧಾನಿ ನಿವಾಸದ ಹಿಂದಿನ ಗೇಟಿನಲ್ಲಿ ಯಾರೂ ಹೆಸರು ಕೇಳಲಿಲ್ಲ. ಒಳಗಿನ ಚಿಕ್ಕ ಕೋಣೆಯಲ್ಲಿ ಲೆನರ್ಡ್ ಹ್ಯಾಸಲ್ ಕೂತಿದ್ದ, ಪಕ್ಕದಲ್ಲಿ ಡಲ್ಸಿ ನಿಂತಿದ್ದಳು. ನಿನ್ನೆ ಕಂಡದ್ದಕ್ಕಿಂತ ಮುದುಕನಾಗಿ ಕಂಡ. ತಟ್ಟೆಯಲ್ಲಿ ಬಿಸ್ಕತ್ತು ಪುಡಿಯಾಗಿತ್ತು, ತಿಂದಿರಲಿಲ್ಲ. ಬೆರಳಿನಿಂದ ಒತ್ತಿ ಒತ್ತಿ ಪುಡಿ ಮಾಡಿದ್ದ.

"ಯಾರಾದ್ರೂ ನೋಡಿದ್ರಾ?" ಎಂದ.

ಅದು ಅವನ ಮೊದಲ ಮಾತು.

ಹೆಸ್ಟರ್ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. "ನೀವು ಕಾರಿನ ಹತ್ರ ಹೋಗಿದ್ರಿ."

ಹ್ಯಾಸಲ್ ಡಲ್ಸಿಯನ್ನು ನೋಡಿದ. ಅವಳು ಗೋಡೆ ನೋಡಿದಳು.

"ಹೋಗಿದ್ದೆ."

"ಅವನು ಏನಂದ?"

"ಚಳಿ ಅಂದ. ಕೋಟು ಕೇಳಿದ. ಕೊಟ್ಟೆ."

"ಆಮೇಲೆ?"

ಹ್ಯಾಸಲ್‌ನ ಬೆರಳು ಮತ್ತೆ ತಟ್ಟೆಗೆ ಹೋಯಿತು.

"'ನನಗೆ ಹೆದರಿಕೆ ಆಗ್ತಿದೆ ಲೆನರ್ಡ್, ಆಸ್ಪತ್ರೆಗೆ ಕಳಿಸಿಬಿಡು' ಅಂದ. 'ಗಂಟೆ ಹೊಡೆಯೋವರೆಗೆ ತಡ್ಕೋ' ಅಂದೆ." ಅವನು ತಟ್ಟೆ ದೂರ ತಳ್ಳಿದ. "ನನಗೂ ಹೆದರಿಕೆ ಇತ್ತು ಹೆಸ್ಟರ್. ಈಗಲೂ ಇದೆ. ನಾಳೆ ಇವರೆಲ್ಲ ಸೇರಿ ನನ್ನನ್ನ..." 

ಅವನ ಕಣ್ಣಲ್ಲಿ ನೀರಿತ್ತು. ನಿನ್ನೆ ಗೋರಿಯ ಬಳಿ ಬಂದ ನೀರೂ ಇದೇ ಇರಬೇಕು ಎಂದುಕೊಂಡಳು. ಅವಳಿಗೆ ಸಿಟ್ಟು ಬರಲಿಲ್ಲ.  ರೂಫಸ್ ಕೇಳಿದ್ದ. ಕಳಿಸಿಬಿಡು ಎಂದು ಬಾಯಿಬಿಟ್ಟು ಕೇಳಿದ್ದ.

"ನಿಲ್ತೀಯಾ, ರೂಫಸ್ ಜಾಗಕ್ಕೆ?" ಎಂದ ಹ್ಯಾಸಲ್, ಕಣ್ಣೊರೆಸಿಕೊಂಡು.

"ನಾನು ಮುಂಬಾಗಿಲಿಂದ ಹೋಗ್ತೀನಿ," ಎಂದಳು ಹೆಸ್ಟರ್. "ಮೆಟ್ಟಿಲವರೆಗೆ ಜೊತೆಗೆ ಬರ್ತೀರಾ?"

ಡಲ್ಸಿಯ ಹುಬ್ಬು ಮೇಲೇರಿತು. ಹೊರಗೆ ಕ್ಯಾಮೆರಾದವರು ಬೆಳಗಿನಿಂದ ಚಳಿಯಲ್ಲಿ ಬೀಡುಬಿಟ್ಟಿದ್ದರು. ಮೆಟ್ಟಿಲ ಮೇಲೆ ಪ್ರಧಾನಿ, ಪಕ್ಕದಲ್ಲಿ ಕಪ್ಪುಡುಗೆಯ ವಿಧವೆ. ನಾಳೆ ಬೆಳಿಗ್ಗೆ ಎಲ್ಲ ಮುಖಪುಟಗಳಲ್ಲೂ ಅದೇ, ಚೀಟಿ ಹಾಕುವ ಹೊತ್ತಿಗೆ ಸರಿಯಾಗಿ. ಮೂವತ್ತು ವರ್ಷ ಇಂಥ ಚಿತ್ರಗಳ ಮೇಲೆಯೇ ಬದುಕಿದ ಡಲ್ಸಿ ಬೇಡ ಎನ್ನುವುದು ಹೇಗೆ?

"ಲೆನರ್ಡ್, ಎದ್ದೇಳು, ಟೈ ಸರಿಮಾಡ್ಕೋ," ಎಂದಳು. "ಒಳ್ಳೇ ಚಿತ್ರ ಬರುತ್ತೆ." ಅವಳೇ ಮುಂದೆ ಓಡಿದಳು, ಬಾಗಿಲು ಕಾಯುವವನಿಗೆ ಹೇಳಲು. ಆ ಗಡಿಬಿಡಿಯಲ್ಲಿ ತರಕಾರಿ ಚೀಲ ಅವರಿಬ್ಬರಿಗೂ ನೆನಪಾಗಲಿಲ್ಲ.

ಕರಿ ಬಾಗಿಲು ತೆರೆಯಿತು. ಗಾಳಿ ಮುಖಕ್ಕೆ ಹೊಡೆಯಿತು. ಬೆಳಕುಗಳು ಫಳಫಳ ಹೊಳೆದವು.

"ಪ್ರಧಾನಿಗಳೇ, ನಾಳೆ ಉಳೀತೀರಾ?"

"ಹೆಸ್ಟರ್, ಚುನಾವಣೆಗೆ ನಿಲ್ತೀರಾ?"

"ಲೆನ್ನಿ, ಕೋಟು ಗಿರವಿ ಇಟ್ರಾ?" ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಹ್ಯಾಸಲ್ ಕೂಡ ನಗಲು ನೋಡಿದ.

ಹೆಸ್ಟರ್ ಮೆಟ್ಟಿಲ ಕಡೆ ನೋಡಿದಳು. ಈಗಲೂ ಮೆಟ್ಟಿಲಿಳಿದು ಹೋಗಿಬಿಡಬಹುದು. ಬೂದು ಕಾರು, ಮಾತಿಲ್ಲದ ಫೋನು, ಎತ್ತಿ ಹಾಕುವವರು, ಎಲ್ಲ ಒಮ್ಮೆ ತಲೆಯಲ್ಲಿ ಸುತ್ತಿತು. ಅವಳು ಚೀಲಕ್ಕೆ ಕೈ ಹಾಕಿದಳು.

ಕೋಟು ಹೊರಬಂದಾಗ ನಗು ನಿಂತಿತು. 

ರೂಫಸ್‌ಗೆ ಹಿಡಿಯುತ್ತಿದ್ದ ಹಾಗೆಯೇ ಕೋಟಿನ ಎರಡೂ ಭುಜ ಹಿಡಿದು ಹ್ಯಾಸಲ್‌ಗೆ ಬಿಚ್ಚಿ ಹಿಡಿದಳು. ಇಷ್ಟು ಕಣ್ಣುಗಳ ಮುಂದೆ ಒಬ್ಬ ಹೆಂಗಸು ಹಿಡಿದ ಕೋಟನ್ನು ತಳ್ಳಿಬಿಡುವುದು ಅವನಿಗೆ ಆಗಲಿಲ್ಲ. ಅವನ ತೋಳು ತಾನಾಗಿ ಒಳಗೆ ಹೋಯಿತು, ಮತ್ತೊಂದೂ ಹೋಯಿತು. ಬಾಗಿಲ ಹಿಂದೆ ಡಲ್ಸಿ "ಅಯ್ಯೋ ದೇವರೇ" ಅಂದದ್ದು ಕೇಳಿಸಿತು.

"ರೂಫಸ್ ಅವತ್ತು ಕಾರಲ್ಲಿ ನಿಮ್ಮ ಹತ್ರ ತಗೊಂಡಿದ್ದ," ಎಂದಳು ಹೆಸ್ಟರ್. ಮಾತು ಕೊನೆಯ ಸಾಲಿನವರಿಗೂ ತಲುಪಿತು. "ಆಸ್ಪತ್ರೆಗೆ ಕಳಿಸಿ ಅಂತ ಕೇಳಿದಾಗ. ವಾಪಸ್ ತಂದಿದ್ದೀನಿ."

 ಹ್ಯಾಸಲ್ ಗದಗದ ನಡುಗುತ್ತಿದ್ದ. ಚಳಿಗಿರಬಹುದು. ಹೆಸ್ಟರ್ ಹತ್ತಿರ ಸರಿದು, ಕಪ್ಪು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೊನೆಗೆ ಕಂದು ಗುಂಡಿಯನ್ನೂ ಹಾಕಿದಳು.