ಉಣ್ಣೆಯಲ್ಲಿಟ್ಟ ಬೆಳ್ಳಿ

ತುರ್ಗಾನ್ ಸೋದರತ್ತೆ ಉರ್ಕಿಯಾಳ ಪೆಟ್ಟಿಗೆಯನ್ನು ಬೋರಲು ಹಾಕಿ ಒಳಗಿದ್ದದ್ದನ್ನೆಲ್ಲ ನೆಲಕ್ಕೆ ಸುರಿದಳು. ಪಕ್ಕದ ಅಂಗಳದ ಗುಡಾರದಲ್ಲಿ ಅವಳ ತಾಯಿ ಬುರುಲ್‌ಳ ಹೆಣವಿತ್ತು. ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅಳುತ್ತಿದ್ದರು.

"ಸಾವಿನ ಮನೆ ಕಣೇ! ತಲೆ ಕೆಟ್ಟಿದ್ಯಾ?" ಬಾಗಿಲಲ್ಲಿ ನಿಂತು ಉರ್ಕಿಯಾ ಕಿರುಚಿದಳು.

"ಸತ್ತಿರೋದು ನಮ್ಮಮ್ಮ, ಅತ್ತೆ, ನೀನಲ್ಲ. ಸುಮ್ನಿರು."

ಚಹಾದ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ಅರ್ಧ ಬೆಳ್ಳಿಗಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು.

*

ಅಜ್ಜಿ ಒಂದೇ ಗಟ್ಟಿಯನ್ನು ಕೊಡಲಿಯಲ್ಲಿ ಒಡೆದು ಒಂದು ಹೋಳನ್ನು ಮಗಳು ಉರ್ಕಿಯಾಗೆ, ಇನ್ನೊಂದನ್ನು ಸೊಸೆ ಬುರುಲ್‌ಗೆ ಕೊಟ್ಟಿದ್ದಳು. ಈ ಬೆಟ್ಟಗಳಲ್ಲಿ ಬಿಳಿ ಉಣ್ಣೆಯ ಹಾಸಿಗಿಂತ ದೊಡ್ಡ ಮರ್ಯಾದೆಯಿಲ್ಲ. ಹೊಸ ಸೊಸೆ ಎಳೆ ಕುರಿಯ ಉಣ್ಣೆ ತಟ್ಟಿ, ಚೀಲ ಹೊಲಿದು, ಬೆಳ್ಳಿಯನ್ನು ಅದರಲ್ಲಿಟ್ಟು ಹಾಸಿಗೆಯ ರಾಶಿಯ ಅಡಿಗೆ ಸೇರಿಸಿದಳು. ಎಷ್ಟೋ ವರ್ಷಗಳ ಮೇಲೆ, ತುರ್ಗಾನ್‌ಳ ಮದುವೆಗೆಂದು ಚೀಲ ಬಿಚ್ಚಿದರೆ ಒಳಗಿದ್ದದ್ದು ಇದ್ದಿಲಿನಷ್ಟು ಕಪ್ಪು.

"ಬೆಳ್ಳಿ ಮಾರ್ಕೊಂಡು ಸೀಸ ಇಟ್ಟಿದಾಳೆ!" ಎಂದು ಉರ್ಕಿಯಾ ಬೀಗರೆದುರೇ ಕೂಗಿದಳು. ಬುರುಲ್ ಒಂದು ಮೂಲೆಯನ್ನು ಬೂದಿ ಹಾಕಿ ಉಜ್ಜಿ ಬಿಳುಪು ತೋರಿಸಿದಳು. "ಮೇಲ್ಗಡೆ ಬರೀ ಲೇಪ," ಎಂದಳು ಉರ್ಕಿಯಾ. ಎರಡು ಹೋಳನ್ನೂ ಜೋಡಿಸಿ ನೋಡೋಣವೆಂದರೆ, "ಸೀಸದ ಪಕ್ಕ ನನ್ ಬೆಳ್ಳಿ ಇಡ್ಲಾ?" ಗಂಡನೆಂಬ ಹೇಡಿ ಅಕ್ಕನೆದುರು ತುಟಿ ಬಿಚ್ಚಲಿಲ್ಲ. ಅಂದಿನಿಂದ ಬುರುಲ್ ಊರಿಗೆಲ್ಲ ಸೀಸದ ಸೊಸೆ. ಕುರಿ ಕಾದಳು, ರೊಟ್ಟಿ ಸುಟ್ಟಳು, ಊರವರ ಬಾಣಂತನ ಮಾಡಿದಳು. ಆದರೂ ಯಾರ ಮನೆಯಲ್ಲಿ ಒಂದು ಚಮಚ ಕಾಣೆಯಾದರೂ ಎಲ್ಲರ ಕಣ್ಣು ಮೊದಲು ಅವಳ ಮೇಲೇ.

*

ತುರ್ಗಾನ್ ತಾಯಿಯ ಕಪ್ಪು ಹೋಳನ್ನು ಜೇಬಿನಿಂದ ತೆಗೆದು ಬಿಳಿಯದಕ್ಕೆ ಒತ್ತಿದಳು. ಮುರಿದ ಅಂಚುಗಳು ಸಂದಿಲ್ಲದಂತೆ ಕೂಡಿಕೊಂಡವು.

"ಉಣ್ಣೇಲಿ ಗಂಧಕ ಇರುತ್ತಂತೆ. ನರೀನ್ ಪೇಟೆಯ ಅಕ್ಕಸಾಲಿ ಹೇಳ್ದ. ಬೆಳ್ಳೀನ ಅದೇ ಕಪ್ಪು ಮಾಡಿದ್ದು. ನಿಂದು ಹತ್ತಿಬಟ್ಟೇಲಿ, ಗಾಳಿ ಆಡದ ಡಬ್ಬೀಲಿತ್ತು."

ಉರ್ಕಿಯಾಗೆ ಆಶ್ಚರ್ಯವೇ ಆಗಲಿಲ್ಲ. ಅದನ್ನು ಕಂಡು ತುರ್ಗಾನ್‌ಳ ಮೈಯೆಲ್ಲ ಉರಿದುಹೋಯಿತು.

"ನಿಂಗೆ ಗೊತ್ತಿತ್ತು!"

"ಉಣ್ಣೇಲಿ ಮಾತ್ರ ಇಡ್ಬೇಡ ಅಂತ ಅಮ್ಮ ನಂಗೆ ಹೇಳಿದ್ಲು. ಅವಳಿಗೆ ಹೇಳ್ಲಿಲ್ಲ. ಸೊಸೆ ಅಲ್ವಾ."

"ನೀನಾದ್ರೂ ಹೇಳ್ಬಹುದಿತ್ತಲ್ಲ!"

"ಅವಳು ಬಂದ್ಮೇಲೆ ನನ್ ತಮ್ಮ ನನ್ ಮನೆ ಕಡೆ ತಲೆ ಹಾಕಿದ್ನಾ?"

ತುರ್ಗಾನ್ ಅವಳ ತೋಳು ಹಿಡಿದಳು. "ಈಗ ಮುಲ್ಲಾ ಕೇಳ್ತಾನೆ, ಇವಳು ಎಂಥವಳಾಗಿದ್ಲು ಅಂತ. ಎಲ್ಲಾ ಹೆಣಕ್ಕೂ ಹೇಳೋ ಹಾಗೆ ಗಂಡಸ್ರು 'ಒಳ್ಳೇವಳು' ಅಂತಾರೆ. ನಂಗದು ಬೇಡ. ಮೊದ್ಲು ನೀನು ಹೇಳು. ಇಲ್ದಿದ್ರೆ ಹೆಣ ಎತ್ತೋಕೆ ಬಿಡಲ್ಲ."

"ಗಂಡಸ್ರ ಸಾಲಿಗೆ ಹೆಂಗಸು ಹೋಗ್ತಾಳೇನೇ?"

"ಸೀಸ ಅಂತ ಕೂಗೋವಾಗ ಸಾಲು ನೋಡಿದ್ಯಾ?"

ಅಂಗಳದಲ್ಲಿ ಹೆಣದ ಮುಂದೆ ಗಂಡಸರು ನಮಾಜಿಗೆ ಸಾಲಾಗಿ ನಿಂತಾಗ ಮುಲ್ಲಾ ಕೇಳಿದ. ಉತ್ತರಕ್ಕೆ ಗಂಡಸರ ಬಾಯಿ ಆಗಲೇ ತೆರೆದಿತ್ತು. ಅಷ್ಟರಲ್ಲಿ ಉರ್ಕಿಯಾ ಸಾಲಿನ ನಡುವೆ ನುಗ್ಗಿ ಬಂದು, ಎರಡು ಹೋಳನ್ನೂ ಜೋಡಿಸಿ ಎತ್ತಿ ಹಿಡಿದಳು.

"ಎರಡೂ ಬೆಳ್ಳಿ," ಎಂದಳು.

"ಕೇಳಿಸ್ಲಿಲ್ಲ!" ಹಿಂದಿನಿಂದ ತುರ್ಗಾನ್.

"ಎರಡೂ ಬೆಳ್ಳಿ! ಸುಳ್ಳಾಡಿದ್ದು ನಾನು!"

ಅಷ್ಟು ವರ್ಷ ಸೀಸದ ಸೊಸೆ ಎಂದು ಕರೆದ ಬಾಯಿಗಳೆಲ್ಲ ಮುಚ್ಚಿಕೊಂಡವು. ಒಬ್ಬೊಬ್ಬರೇ ಕಣ್ಣನ್ನು ನೆಲಕ್ಕೆ ಹಾಕಿದರು. ಮುಲ್ಲಾ ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಬೇಕಾಯಿತು.