ವ್ಯಾನಿನೊಳಗಿನ ದೀಪ

ಮನುಕುಲದ ಮುಂದಿದ್ದ ಪ್ರಶ್ನೆಗಳಲ್ಲೆಲ್ಲ ಅತಿ ಗಹನವಾದದ್ದು ಇದು: ಮೇಷ್ಟ್ರ ಹಳೆಯ ವ್ಯಾನಿನೊಳಗಿನ ದೀಪ ಯಾಕೆ ಹತ್ತುವುದಿಲ್ಲ?

ನಿವೃತ್ತರಾದ ಮೇಲೆ ಹೆಂಡತಿಯೊಂದಿಗೆ ಊರೂರು ಸುತ್ತಬೇಕೆಂದು ಹಾಸಿಗೆ, ಒಲೆ ಸಮೇತ ಕೊಂಡ ವ್ಯಾನು ಅದು. ಹಿಂಭಾಗ ಎಡಕ್ಕೆ ವಾಲುತ್ತಿದ್ದುದನ್ನು ಮೇಷ್ಟ್ರು ಅಡಿಯಲ್ಲಿ ಮಲಗಿ, ಬೆನ್ನು ಹಿಡಿಸಿಕೊಂಡು, ಮುರಿದ ಸ್ಪ್ರಿಂಗ್ ಪಟ್ಟಿ ಬದಲಿಸಿ ನೆಟ್ಟಗೆ ಮಾಡಿದ್ದರು. ದೀಪ ಮಾತ್ರ ಭಾನುವಾರ ರಿಪೇರಿಯಾಗಿ ಸೋಮವಾರ ಕೆಡುತ್ತಿತ್ತು, ಪ್ರಯಾಣ ಮತ್ತೆ ಮುಂದಕ್ಕೆ ಹೋಗುತ್ತಿತ್ತು.

ಈ ಭಾನುವಾರ ವೈರನ್ನು ಇಂಚಿಂಚಾಗಿ ತಡವಿದಾಗ ತಾವು ಸುತ್ತದ ಟೇಪೊಂದು ಸಿಕ್ಕಿತು. ಬಿಚ್ಚಿದರೆ ಒಳಗೆ ವೈರನ್ನು ಕತ್ತರಿಸಲಾಗಿತ್ತು. ಟೇಪಿನ ತುದಿಯನ್ನು ಬಟ್ಟೆಯ ಅಂಚಿನಂತೆ ಒಳಕ್ಕೆ ಮಡಿಚಲಾಗಿತ್ತು. ಹಾಗೆ ಮಡಿಚುವವರು ಮನೆಯಲ್ಲಿ ಒಬ್ಬರೇ: ಮೂವತ್ತು ವರ್ಷ ಬಟ್ಟೆ ಹೊಲಿದ ಹೆಂಡತಿ. ಮೇಷ್ಟ್ರು ಆ ಟೇಪು ಹಿಡಿದು ಮನೆಯೊಳಗೆ ನಡೆದರು.

"ನೀನೇನೇ ಇದನ್ನ ಮಾಡಿದ್ದು?"

ಆಕೆ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. "ಮತ್ತಿನ್ಯಾರು? ಇಷ್ಟು ದೊಡ್ಡ ಮನೇಲೇ ನಿಮ್ಮ ಪಾಠ ಕೇಳಿ ಸಾಕಾಗಿದೆ ರೀ. ಆ ಡಬ್ಬೀಲಿ ಎಲ್ಲಿಗೆ ಓಡಿಹೋಗ್ಲಿ?"

"ಆರು ತಿಂಗಳು ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು ನಿಂತಿದ್ಯಲ್ಲೇ! ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳ್ದೆ. ನೀವು ಪಾಠ ಮಾಡ್ತಾ ಇದ್ರಿ."

ಮೇಷ್ಟ್ರು ವೈರು ಸೇರಿಸಿದರು, ದೀಪ ಹತ್ತಿತು. ಮರುದಿನ ಬೆಳಿಗ್ಗೆ ಒಬ್ಬರೇ ಹೊರಟರು.