ದುರುಗಮ್ಮನ ನಾಲಿಗೆ

ಮರಗೆಣಸಿನ ಸೊಪ್ಪು ತಿಂದು ಎರಡು ಕುರಿಮರಿ ಸತ್ತ ಮೂರನೇ ದಿನ ದುರುಗಮ್ಮ ಅದೇ ಗಿಡಗಳ ಗೆಣಸು ಕೀಳಿಸಿದಳು.

ಸೊಸೆ ಮಮತಾ ಹಿತ್ತಲಲ್ಲಿ ಕೂತು ಮಣ್ಣು ತೊಳೆದಳು. ಒಂದೊಂದು ಗೆಣಸೂ ಮೊಳ ಉದ್ದ ಇತ್ತು. ನೆಟ್ಟ ಕಡ್ಡಿ ಬಂದದ್ದು ಸೊರಬದ ಕಡೆಯಿಂದ. ಹೋದ ವರ್ಷ ಮಾವ ದೊಡ್ಡಬೀರಪ್ಪ ಅಲ್ಲಿ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾಗ ಹೊಲದವರು ಒಂದು ಹೊರೆ ಕೊಟ್ಟು ಕಳಿಸಿದ್ದರು. ಯಾವ ಜಾತಿ ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

"ಸೊಪ್ಪು ತಿಂದ್ರ ಯಾವ ಜಾತಿದಾದ್ರೂ ಕುರಿ ಸಾಯ್ತಾವ. ಗೆಣಸಿನ ಮಾತು ಬ್ಯಾರೆ," ಎಂದಳು ದುರುಗಮ್ಮ. "ಒಂದು ಚೂರು ಕೊಡಿಲ್ಲಿ."

ಆ ಮನೆಯಲ್ಲಿ ಅದು ಕಟ್ಟಳೆ. ಗೆಣಸು ಒಲೆಗೆ ಹೋಗುವ ಮೊದಲು ದುರುಗಮ್ಮ ಹಸಿ ಚೂರನ್ನು ಅಗಿದು ನೋಡಬೇಕು. ಸಿಹಿ ಎಂದರೆ ಒಂದೇ ನೀರಿನಲ್ಲಿ ಮುಚ್ಚಿ ಬೇಯಿಸುವುದು. ಕಹಿ ಎಂದರೆ ವಿಷ, ತಿಪ್ಪೆಗೆ ಹಾಕಿ ಮೇಲೆ ಮಣ್ಣು ಎಳೆಯುವುದು. ಮೂವತ್ತು ವರ್ಷದಿಂದ ಕೇರಿಯ ಹೆಂಗಸರೂ ಸೆರಗಿನಲ್ಲಿ ಚೂರು ಕಟ್ಟಿಕೊಂಡು ಅವಳ ಹತ್ತಿರವೇ ಬರುತ್ತಿದ್ದರು.

ಚೂರನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು. ಮುಖದಲ್ಲಿ ಏನೂ ಅಲುಗಲಿಲ್ಲ.

"ಮೊದ್ಲಿಗೆ ಹಾಲು, ಆಮ್ಯಾಲ ಹಸಿ ಕಡ್ಲಿ, ಕೊನಿಗೆ ಬೆಲ್ಲ. ಸಿಹಿ ಐತಿ. ಹಚ್ಚು ಒಲಿ."

ಹೋದ ಸಲ ಬೇರೆ ಗೆಣಸಿಗೂ ಇದೇ ಮಾತು, ಇದೇ ಕ್ರಮದಲ್ಲಿ. ಮಮತಾ ಕತ್ತರಿಸಿದ ತುದಿಗೆ ತಾನೂ ನಾಲಿಗೆ ತಾಗಿಸಿದಳು. ಬೇವಿನಂಥ ಕಹಿಯಲ್ಲ. ಗಂಟಲನ್ನು ಹಿಡಿದು ಹಿಂಡುವ ಕಹಿ. ಉಗಿದು ಬಾಯಿ ಮುಕ್ಕಳಿಸಿದಳು.

"ಅತ್ತಿ, ಕಹಿ ಐತ್ರಿ."

"ನಿನ್ನ ಬಾಯಿ ಕಹಿ ಐತಿ. ಪ್ಯಾಟಿ ಬೇಕರಿ ಬನ್ನು ತಿಂದು ಬೆಳ್ದಾಕಿ ನಂಗೆ ಗೆಣಸು ಹೇಳ್ಕೊಡಾಕ ಬಂದ್ಲು."

ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಡ ಯತೀಶ ನಕ್ಕ. "ಅವ್ವನ ನಾಲಿಗಿ ಅಂದ್ರ ಲ್ಯಾಬ್ ಇದ್ದಂಗ. ಸುಮ್ನ ಬೇಯ್ಸು ಮಾರಾಯ್ತಿ."

ಬೇಯಿಸಿದಳು. ಒಲೆಯ ಮುಂದೆ ಕೂತಾಗ ಒಂದೊಂದೇ ನೆನಪಾಯಿತು. ಯುಗಾದಿಯ ದಿನ ಮಗಳು ನಯನ ಬೆಲ್ಲ ಹಾಕದ ಬೇವನ್ನು ಅಜ್ಜಿಯ ಕೈಗೆ ಕೊಟ್ಟಿದ್ದಳು. ಅಜ್ಜಿ ಪೂರ್ತಿ ಅಗಿದು ನುಂಗಿ, "ಬೆಲ್ಲ ಜಾಸ್ತಿ ಆತು ಕೂಸೆ" ಎಂದಿದ್ದಳು. ಮೊನ್ನೆ ಸಾರಿಗೆ ಉಪ್ಪಿನ ಬದಲು ಅಡುಗೆ ಸೋಡಾ ಬಿದ್ದಿತ್ತು. ಎಲ್ಲರೂ ಉಗಿದರು, ಅವಳೊಬ್ಬಳು ಉಂಡಳು. ಎರಡು ವರ್ಷದ ಹಿಂದೆ ಹಾಸಿಗೆ ಹಿಡಿಸಿದ್ದ ಜ್ವರ ಬಿಟ್ಟ ಮೇಲೆ ದುರುಗಮ್ಮನಿಗೆ ಯಾವ ರುಚಿಯೂ ತಿಳಿಯುತ್ತಿಲ್ಲ. ಅಗಿಯುತ್ತಾಳೆ, ಹಳೆಯ ಮಾತು ಹೇಳುತ್ತಾಳೆ, ಅಷ್ಟೇ.

ವಿಷ ಹಬೆಯಲ್ಲಾದರೂ ಹೋಗಲಿ ಎಂದು ಮಮತಾ ಮುಚ್ಚಳ ತೆಗೆದಳು. ಹಿಂದಿನಿಂದ ಅತ್ತೆಯ ಕೈ ಬಂದು ಮತ್ತೆ ಮುಚ್ಚಿತು.

"ಸಿಹಿ ಗೆಣಸಿನ ಹಬಿ ಹೊರಗ ಬಿಡಬಾರ್ದು."

ಮಧ್ಯಾಹ್ನ ಗೆಣಸು ತಾಟಿಗೆ ಬಂತು. ಮಾವ ಕುರಿ ಮೇಯಿಸಲು ಹೋಗಿದ್ದ. ಐದು ವರ್ಷದ ನಯನ ಎಲ್ಲರಿಗಿಂತ ಮೊದಲು ಕೂತಳು. ಮಮತಾ ಅವಳ ತಾಟು ಎಳೆದುಕೊಂಡಳು.

"ಇದು ಬ್ಯಾಡ. ಅನ್ನ ಹಾಕ್ತೀನಿ."

"ಯಾಕ? ನನ್ ಮೊಮ್ಮಗಳಿಗೆ ನಾ ವಿಷ ಹಾಕ್ತೀನೇನು?"

"ಹಂಗಲ್ರಿ ಅತ್ತಿ. ನಿಮ್ಗ ರುಚಿ ಗೊತ್ತಾಗವಲ್ದು."

ಯತೀಶ ತಲೆ ಎತ್ತಿದ. ದುರುಗಮ್ಮ ಸೊಸೆಯನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. ಪಾತ್ರೆಯನ್ನೇ ಹತ್ತಿರಕ್ಕೆ ಎಳೆದುಕೊಂಡಳು.

"ನಾ ಮೊದ್ಲು ತಿಂತೀನಿ. ಅಂಗಳದ ಕಂಬದ ನೆಳ್ಳು ಹೊಸ್ತಿಲಿಗೆ ಬರೋ ತನಕ ಕುಂದ್ರಿ. ನಂಗೇನೂ ಆಗ್ಲಿಲ್ಲಂದ್ರ ಕೂಸಿಗೆ ಕೊಡ್ರಿ. ಆಮ್ಯಾಲ ಈ ಮಾತು ಈ ಮನ್ಯಾಗ ಏಳಬಾರ್ದು."

"ಬ್ಯಾಡ್ರಿ," ಎಂದು ಮಮತಾ ಪಾತ್ರೆಗೆ ಕೈ ಹಾಕಿದಳು. ಯತೀಶ ಅವಳ ಕೈ ತಡೆದ. "ತಿನ್ಲಿ ಬಿಡು. ಜಗಳ ಮುಗೀಲಿ."

ದುರುಗಮ್ಮ ಒಂದು ತಾಟು ತಿಂದಳು. ಮತ್ತೊಂದು ತಾಟು ತಿಂದಳು. ಹಸಿಮೆಣಸಿನ ಚಟ್ನಿಯನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ಕಣ್ಣಲ್ಲಿ ಹನಿ ನೀರು ಬರಲಿಲ್ಲ. ತಿಂದು, ಗೋಡೆಗೆ ಒರಗದೆ ನೆಟ್ಟಗೆ ಕೂತಳು.

ಹೊರಗೆ ಬಿಸಿಲು ಬೆಳ್ಳಗಿತ್ತು. ಕೇರಿಯಲ್ಲಿ ಯಾರದೋ ಟಿವಿ ಓಡುತ್ತಿತ್ತು. ಮೂವರೂ ಒಬ್ಬಳನ್ನೇ ನೋಡುತ್ತಾ ಕೂತರು.

"ಅಜ್ಜಿ, ಹೆಂಗೈತಿ?" ನಯನ ಕೇಳಿದಳು.

"ಮೊದ್ಲಿಗೆ ಹಾಲು, ಆಮ್ಯಾಲ ಹಸಿ ಕಡ್ಲಿ, ಕೊನಿಗೆ ಬೆಲ್ಲ."

ಸ್ವಲ್ಪ ಹೊತ್ತಿಗೆ ಯಾರೂ ಕೇಳದೆಯೇ ಅದನ್ನು ಇನ್ನೊಮ್ಮೆ ಹೇಳಿದಳು. ನೆರಳು ಒಂದು ಗೇಣು ಸರಿಯಿತು. ಮತ್ತೆ ಹೇಳಿದಳು. ಈ ಸಲ ಕಡಲೆ ಬಿಟ್ಟುಹೋಯಿತು. ಆಮೇಲೆ, "ಹಾಲು. ಹಾಲು. ಹಾಲು." ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ಅವ್ವಾ, ಸಾಕು. ಆಸ್ಪತ್ರಿಗೆ ಹೋಗಾಣು ನಡಿ," ಯತೀಶನ ದನಿ ತೆಳ್ಳಗಾಗಿತ್ತು.

"ನೆಳ್ಳು ಬಂದಿಲ್ಲ."

ಅವನು ರಟ್ಟೆ ಹಿಡಿದು ಎಬ್ಬಿಸಲು ನೋಡಿದ. ಅವಳು ನೆಲಕ್ಕೆ ನಾಟಿದ ಹಾಗೆ ಕೂತಿದ್ದಳು. ಕಣ್ಣು ಮಾತ್ರ ಹೊಸ್ತಿಲ ಮೇಲಿತ್ತು. ಮಮತಾಳೂ ಅಲ್ಲಿಗೇ ನೋಡಿದಳು. ನೆರಳು ಹೊಸ್ತಿಲಿನ ಅಂಚು ಮುಟ್ಟಿತ್ತು.

ನಯನಳೂ ನೋಡಿದಳು. ಹಸಿದಿದ್ದ ಹುಡುಗಿ. "ಬಂತು ಅಜ್ಜಿ!" ಎಂದು ಪಾತ್ರೆಗೆ ಕೈ ಚಾಚಿದಳು.

ಅಮ್ಮನಿಗಿಂತ ಮೊದಲು ಅಜ್ಜಿಯ ಕೈ ಎದ್ದಿತು. ಮಗುವಿನ ಮಣಿಕಟ್ಟು ಹಿಡಿಯಿತು. ಇನ್ನೊಂದು ಕೈ ಪಾತ್ರೆಯನ್ನು ಅಂಗಳಕ್ಕೆ ದೂಡಿತು.

"ತಿನ್ಬ್ಯಾಡ," ಎಂದಳು ದುರುಗಮ್ಮ. ನಾಲಿಗೆ ತೊದಲುತ್ತಿತ್ತು. "ನಂಗ ಏನೂ ಗೊತ್ತಾಗಂಗಿಲ್ಲ ಕೂಸೆ. ಎರಡು ವರ್ಷಾತು. ಮಣ್ಣೂ ಒಂದ, ಬೆಲ್ಲಾನೂ ಒಂದ."

ಆಮೇಲೆ ವಾಂತಿಯಾಯಿತು. ಒಂದು ಕಡೆಗೆ ವಾಲಿದಳು.

ಕುರಿ ಸಾಗಿಸುವ ಗೂಡ್ಸ್ ಆಟೋದ ಹಿಂದೆ ಮಲಗಿಸಿದರು. ಮಗುವಿನ ಮಣಿಕಟ್ಟಿನ ಮೇಲಿನ ಹಿಡಿತ ಬಿಡಲಿಲ್ಲ. ಯತೀಶ ಬಿಡಿಸಲು ನೋಡಿ ಸೋತ. ನಯನಳನ್ನೂ ಮಮತಾಳನ್ನೂ ಹಿಂದೆ ಹತ್ತಿಸಿಕೊಂಡು ಶಿಕಾರಿಪುರದ ಆಸ್ಪತ್ರೆಯ ಕಡೆ ಓಡಿಸಿದ.

ಅಂಜನಾಪುರ ದಾಟುವಾಗ ಮಗುವಿನ ಬೆರಳು ನೀಲಿಗಟ್ಟಿದ್ದವು. "ಅವ್ವಾ, ನೋಯ್ತೈತಿ. ಬಿಡ್ಸು," ಎಂದಳು. ದುರುಗಮ್ಮನ ಕಣ್ಣು ಅರ್ಧ ತೆರೆದಿತ್ತು. ಅದು ಯಾರನ್ನೂ ನೋಡುತ್ತಿರಲಿಲ್ಲ. ಆಟೋದ ಕುಲುಕಾಟದಲ್ಲಿ ಎದೆ ಏರುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಮತಾ ಬಾಗಿ ಆ ಮುದಿ ಬೆರಳುಗಳನ್ನು ಮುಟ್ಟಿ ನೋಡಿದಳು. ಇನ್ನೂ ಬಿಗಿಯಾಗಿದ್ದವು.

"ಸ್ವಲ್ಪ ತಡ್ಕ," ಎಂದಳು ಮಗಳಿಗೆ. "ಅಜ್ಜಿ ಹಿಡ್ಕಂಡಿರ್ಲಿ."